ನಾಲ್ಕನೇ ಮಹಡಿಗೆ ವೆಲ್ಡಿಂಗ್ ಕೇಬಲ್: 30 ಮೀಟರ್ ಎಳೆದರೆ ಎಷ್ಟು ಸ್ಕ್ವೇರ್ (ಚದರ ಎಂಎಂ ದಪ್ಪ) ಬೇಕು?

ಗೇಟು_ಗ್ರಿಲ್
ಎಲ್ಲರಿಗೂ ನಮಸ್ಕಾರ. ಕಾಮಾಕ್ಷಿಪಾಳ್ಯದಲ್ಲಿ ಚಿಕ್ಕ ಶೆಡ್ ಇಟ್ಟುಕೊಂಡಿದ್ದೇನೆ. ಗೇಟು, ಗ್ರಿಲ್, ಮೆಟ್ಟಿಲಿನ ರೇಲಿಂಗ್, ಇಂಥ ಕೆಲಸ. ಶೆಡ್‌ನಲ್ಲಿ ಎಂದೂ ಬರದ ತೊಂದರೆ ಈಗ ಒಂದು ಸೈಟಲ್ಲಿ ಬಂದಿದೆ.

ನಾಗರಬಾವಿ ಹತ್ತಿರ 30×40 ಸೈಟು, ನಾಲ್ಕು ಮಹಡಿ. ಟೆರೇಸ್ ಮೇಲೆ ಶೀಟ್ ಹಾಕಲು ಟ್ರಸ್ (ಕಬ್ಬಿಣದ ಚೌಕಟ್ಟು) ಕೂರಿಸುತ್ತಿದ್ದೇನೆ. ಕರೆಂಟ್ ಇರುವುದು ಕೆಳಗೆ, ಟೆಂಪರರಿ ಮೀಟರ್ ಬೋರ್ಡ್ ಹತ್ತಿರ ಮಾತ್ರ. ಅದಕ್ಕೆ ಮಷೀನ್ ಕೆಳಗೇ ಇಟ್ಟು ಕೇಬಲ್ ಮೇಲಕ್ಕೆ ಎಳೆದಿದ್ದೇನೆ. 200 ಆಂಪಿಯರ್ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಷೀನ್. ರಾಡ್ ಹಿಡಿಯುವ ಹೋಲ್ಡರ್ ಕಡೆ 30 ಮೀಟರ್ 25 ಸ್ಕ್ವೇರ್. ಅರ್ತ್ ಕಡೆ (ಕರೆಂಟ್ ವಾಪಸ್ ಬರುವ ಕಡೆ) 30 ಮೀಟರ್ 16 ಸ್ಕ್ವೇರ್, ಅದು ಮನೆಯಲ್ಲೇ ಇದ್ದದ್ದು. 3.15 ಎಂಎಂ 6013 ರಾಡ್.

ಕೆಳಗೆ 105ರಲ್ಲಿ ಇಟ್ಟರೆ ಚೆನ್ನಾಗಿ ಓಡುತ್ತದೆ. ಮೇಲೆ ಅದೇ ರಾಡ್ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಆರ್ಕ್ (ರಾಡ್ ತುದಿಯ ಕಿಡಿ) ಅರ್ಧಕ್ಕೇ ಸಾಯುತ್ತದೆ. ನಾಬ್ 150ಕ್ಕೆ ತಿರುಗಿಸಿದರೂ ಬೀಡ್ (ವೆಲ್ಡಿನ ಗೆರೆ) ಉಬ್ಬಿಕೊಂಡೇ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಇದು ತಲೆ ಮೇಲೆ ನಿಲ್ಲುವ ಟ್ರಸ್. ಹಾಗೆ ಬಿಟ್ಟು ಬರಲು ಮನಸ್ಸಿಲ್ಲ. ಕೇಬಲ್ ಅಂಗಡಿಯವರು "25 ಸ್ಕ್ವೇರ್ 150 ಆಂಪಿಯರ್ ಆರಾಮಾಗಿ ತಡೆಯುತ್ತೆ" ಎಂದಿದ್ದರು. ಹಾಗಾದರೆ ತಪ್ಪು ಎಲ್ಲಿದೆ?

ಪೀಣ್ಯದವನು
ಅಣ್ಣ, ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಕೇಬಲ್ ಬಿಸಿಯಾಗಿ ಸುಟ್ಟುಹೋಗುತ್ತದಾ ಅನ್ನುವುದು ಒಂದು ಪ್ರಶ್ನೆ. ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅನ್ನುವುದು ಇನ್ನೊಂದು. 5 ಮೀಟರ್ ಕೇಬಲ್ ಇದ್ದಾಗ ಮೊದಲನೆಯದು ನೋಡಿದರೆ ಸಾಕು. 30 ಮೀಟರ್ ಆದಾಗ ಎರಡನೆಯದೇ ತೀರ್ಮಾನ ಮಾಡುತ್ತದೆ. ನಿಮ್ಮ ಕೇಬಲ್ ಮುಟ್ಟಿದರೆ ಬರೀ ಬೆಚ್ಚಗಿರಬಹುದು, ಆದರೂ ರಾಡ್ ಅಂಟುತ್ತದೆ.

ಇನ್ನೊಂದು ಮಾತು. ನಿಮ್ಮದು 30 ಮೀಟರ್ ಅಲ್ಲ, 60. ಹೋಗುವ ದಾರಿ 30, ವಾಪಸ್ ಬರುವ ದಾರಿ 30. ಅರ್ತ್ ಕೇಬಲ್ಲನ್ನು ಲೆಕ್ಕದಿಂದ ಬಿಡುವುದು ತುಂಬಾ ಜನ ಮಾಡುವ ತಪ್ಪು. ಹೋಲ್ಡರಲ್ಲಿ ಎಷ್ಟು ಕರೆಂಟ್ ಹೋಗುತ್ತದೋ ಅರ್ತಲ್ಲಿ ಅಷ್ಟೇ ಬರುತ್ತದೆ. ಆ 16 ಸ್ಕ್ವೇರ್ ಮೊದಲು ತೆಗೆಯಿರಿ.

ಐಟಿಐ_ಮೇಡಂ
ಪೀಣ್ಯದವರು ಸರಿಯಾಗಿ ಹೇಳಿದ್ದಾರೆ. ನಮ್ಮ ಹುಡುಗರಿಗೆ ಹೇಳಿಕೊಡುವ ಲೆಕ್ಕ ಇಲ್ಲಿ ಬರೆಯುತ್ತೇನೆ. ಫೋನಿನ ಕ್ಯಾಲ್ಕುಲೇಟರ್ ಸಾಕು.

ಆಂಪಿಯರ್ × ಕೇಬಲ್ ಉದ್ದ (ಮೀಟರ್) ÷ ಸ್ಕ್ವೇರ್ ಎಂಎಂ ÷ 58 = ಆ ಕೇಬಲ್‌ನಲ್ಲಿ ಕಳೆದುಹೋಗುವ ವೋಲ್ಟ್.

58 ಅನ್ನುವುದು ಶುದ್ಧ ತಾಮ್ರಕ್ಕೆ, 20 ಡಿಗ್ರಿಯಲ್ಲಿ. ಕೇಬಲ್ ಬಿಸಿಯಾಗಿ 60 ಡಿಗ್ರಿ ಮುಟ್ಟಿದರೆ ಬಂದ ಉತ್ತರಕ್ಕೆ ಇನ್ನೂ ಶೇಕಡಾ 15ರಷ್ಟು ಸೇರಿಸಿ.

ನಿಮ್ಮ ಸೈಟಿಗೆ ಹಾಕಿ ನೋಡೋಣ. 110 ಆಂಪಿಯರ್ ಅಂದುಕೊಳ್ಳಿ. ಹೋಲ್ಡರ್ ಕಡೆ 110 × 30 ÷ 25 ÷ 58, ಅಂದರೆ 2.3 ವೋಲ್ಟ್. ಅರ್ತ್ ಕಡೆ 110 × 30 ÷ 16 ÷ 58, ಅಂದರೆ 3.6 ವೋಲ್ಟ್. ಒಟ್ಟು ಸುಮಾರು 5.9. ಸಾಮಾನ್ಯವಾಗಿ 4 ವೋಲ್ಟ್ ಒಳಗೆ ಇರಲಿ ಎಂದು ನೋಡುತ್ತೇವೆ. ಎರಡೂ ಕಡೆ 35 ಸ್ಕ್ವೇರ್ ಹಾಕಿದರೆ 3.3 ವೋಲ್ಟ್, 50 ಹಾಕಿದರೆ 2.3. ಮುಂದೆ 4 ಎಂಎಂ ರಾಡ್ ಹಿಡಿದು 150 ಆಂಪಿಯರ್ ಓಡಿಸುತ್ತೀರಾ ಅಂದರೆ 35ರಲ್ಲಿ 4.4 ಹೋಗುತ್ತದೆ, ಆಗ 50 ಬೇಕು.

5.9 ಅಂದರೆ ಚಿಕ್ಕದು ಅನ್ನಿಸಬಹುದು. 230ರಲ್ಲಿ 6 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ರಾಡ್ ವೆಲ್ಡಿಂಗಲ್ಲಿ 110 ಆಂಪಿಯರ್‌ಗೆ ಆರ್ಕ್ ಬೇಡುವುದೇ 24 ಚಿಲ್ಲರೆ ವೋಲ್ಟ್. ಅದರ ಜೊತೆಗೆ 6 ಅಂದರೆ ನಾಲ್ಕನೇ ಒಂದು ಭಾಗ ಜಾಸ್ತಿ ಹೊರೆ.

ಆದರೂ ನನಗೆ ಒಂದು ಅನುಮಾನ. ಬರೀ 5.9 ವೋಲ್ಟ್‌ಗೆ ನೀವು ಹೇಳಿದಷ್ಟು ಕೆಡಬಾರದು. ಕೇಬಲ್ ಬಿಟ್ಟು ಇನ್ನೂ ಏನೋ ಇದೆ. ಮಧ್ಯೆ ಜಾಯಿಂಟ್ ಇದೆಯಾ?

ಗೇಟು_ಗ್ರಿಲ್
ಹೌದು ಮೇಡಂ. ಹೋಲ್ಡರ್ ಕೇಬಲ್ ಎರಡು ತುಂಡು. ಮಧ್ಯೆ ಎಳೆಗಳನ್ನು ಹೊಸೆದು ಟೇಪ್ ಸುತ್ತಿದ್ದೇನೆ. ಅರ್ತಲ್ಲೂ ಒಂದು ಹಾಗೇ ಇದೆ.

ಇನ್ನೊಂದು ಅರ್ಥವಾಗಲಿಲ್ಲ. ಇನ್ವರ್ಟರ್ ಅಂದರೆ ನಾಬಲ್ಲಿ ಇಟ್ಟ ಆಂಪಿಯರ್ ಕೊಟ್ಟೇ ಕೊಡುತ್ತದೆ ಎಂದು ಕೇಳಿದ್ದೆ. ಡಿಸ್‌ಪ್ಲೇಯಲ್ಲೂ 110 ತೋರಿಸುತ್ತದೆ.

ಐಟಿಐ_ಮೇಡಂ
ಒಳ್ಳೆಯ ಪ್ರಶ್ನೆ. ರಾಡ್ ವೆಲ್ಡಿಂಗ್ ಮಾಡುವ ಇನ್ವರ್ಟರ್ ಆಂಪಿಯರ್ ಹಿಡಿದಿಡಲು ನೋಡುತ್ತದೆ, ನಿಜ. ದಾರಿಯಲ್ಲಿ 10 ವೋಲ್ಟ್ ಹೋದರೆ ತಾನು 10 ವೋಲ್ಟ್ ಜಾಸ್ತಿ ಕೊಟ್ಟು ಸರಿಮಾಡಿಕೊಳ್ಳುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಚಿಕ್ಕ ಮಷೀನುಗಳಲ್ಲಿ ಆ ಮಿತಿ ಬೇಗ ಬರುತ್ತದೆ. ಸಂಜೆ ಹೊತ್ತು ಲೈನ್ 230 ಬದಲು 195ಕ್ಕೆ ಇಳಿದಿದ್ದರೆ ಇನ್ನೂ ಬೇಗ. ಕೆಲವು ಮಷೀನ್‌ಗಳ ಡಿಸ್‌ಪ್ಲೇ ತೋರಿಸುವುದು ನೀವು ಕೇಳಿದ ಆಂಪಿಯರ್, ಹೋಗುತ್ತಿರುವ ಆಂಪಿಯರ್ ಅಲ್ಲ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ನಾಬ್ 150ಕ್ಕೆ ತಿರುಗಿಸಿದ್ದು ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ಇಲ್ಲೇ ಇದೆ. ಆಂಪಿಯರ್ ಜಾಸ್ತಿ ಮಾಡಿದಷ್ಟೂ ಕೇಬಲ್ ನುಂಗುವುದೂ ಅದೇ ಲೆಕ್ಕದಲ್ಲಿ ಜಾಸ್ತಿಯಾಗುತ್ತದೆ.

ಇನ್ನು ಅಂಟಿಕೊಳ್ಳುವ ವಿಷಯ. ರಾಡ್ ತುದಿ ಲೋಹಕ್ಕೆ ತಾಗಿ ಆರ್ಕ್ ಚಿಕ್ಕದಾದಾಗ ವೋಲ್ಟೇಜ್ ಕುಸಿಯುತ್ತದೆ. ಅದನ್ನು ನೋಡಿ ಮಷೀನ್ ಒಂದು ಕ್ಷಣ ಆಂಪಿಯರ್ ಏರಿಸಿ ಅಂಟದಂತೆ ತಡೆಯುತ್ತದೆ. ಅದೇ ಆರ್ಕ್ ಫೋರ್ಸ್. ಆದರೆ ಮಷೀನ್ ನೋಡುವುದು ತನ್ನ ಟರ್ಮಿನಲ್ ಹತ್ತಿರದ ವೋಲ್ಟೇಜ್, ರಾಡ್ ತುದಿಯದಲ್ಲ. ಮಧ್ಯೆ ಕೇಬಲ್ 10 ವೋಲ್ಟ್ ಹಿಡಿದುಕೊಂಡಿದ್ದರೆ, ಮೇಲೆ ರಾಡ್ ಅಂಟುತ್ತಿದ್ದರೂ ಕೆಳಗಿನ ಮಷೀನಿಗೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಸಹಾಯಕ್ಕೆ ಬರುವುದು ತಡವಾಗುತ್ತದೆ.

ಸೈಟ್_ಮೇಸ್ತ್ರಿ
ಇಷ್ಟೆಲ್ಲಾ ಯಾಕೆ? ಅರ್ತ್ ಕೇಬಲ್ ಮೇಲಕ್ಕೆ ಎಳೆಯಲೇಬೇಡಿ. ಕೆಳಗೆ ಕಾಲಮ್ಮಿನ ಕಂಬಿಗೆ ಕ್ಲಾಂಪ್ ಹಾಕಿ. ಮೇಲೆ ಟ್ರಸ್ ಬೇಸ್ ಪ್ಲೇಟ್ ಹೇಗೂ ಅದೇ ಕಂಬಿಗೆ ಸೇರಿರುತ್ತದೆ. ನಾವು ತುಂಬಾ ಸೈಟಲ್ಲಿ ಹಾಗೇ ಮಾಡಿದ್ದೇವೆ.

ವೈರಿಂಗ್_ನಾಗರಬಾವಿ
ದಯವಿಟ್ಟು ಇದನ್ನು ಮಾಡಬೇಡಿ. ನಾನು 20 ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದೇನೆ. ಇದರಿಂದ ಆದ ಹಾನಿ ಕಣ್ಣಾರೆ ನೋಡಿದ್ದೇನೆ.

ಕಂಬಿಗಳು ಒಂದಕ್ಕೊಂದು ಬರೀ ಬೈಂಡಿಂಗ್ ವೈರಲ್ಲಿ ಕಟ್ಟಿರುತ್ತವೆ. ಎಲ್ಲಿ ತಾಗಿವೆ, ಎಲ್ಲಿ ಇಲ್ಲ ಅನ್ನುವುದು ಕಾಂಕ್ರೀಟ್ ಒಳಗೆ ಯಾರಿಗೂ ಕಾಣುವುದಿಲ್ಲ. 110 ಆಂಪಿಯರ್ ವಾಪಸ್ ಬರಲು ದಾರಿ ಹುಡುಕುತ್ತದೆ. ಸುಲಭವಾದ ದಾರಿ ಸಿಕ್ಕರೆ ಅದರಲ್ಲೇ ಹರಿಯುತ್ತದೆ. ಒಂದು ಮನೆಯಲ್ಲಿ ಅದು ಪಂಪಿನ ಪೈಪ್ ಹಿಡಿದು, ಮೋಟಾರಿನ ಬಾಡಿಗೆ ಬಂದು, ಅಲ್ಲಿಂದ ಮನೆ ವೈರಿಂಗಿನ ಅರ್ತ್ ವೈರಲ್ಲಿ ಬೋರ್ಡಿಗೆ ಹೋಗಿತ್ತು. ಆ ಅರ್ತ್ ವೈರ್ 1.5 ಸ್ಕ್ವೇರ್. ವೈರಿಂಗ್ ಪೈಪ್ ಒಳಗಿದ್ದ ವೈರುಗಳೆಲ್ಲ ಕರಗಿ ಮುದ್ದೆಯಾಗಿದ್ದವು. ಗೃಹಪ್ರವೇಶಕ್ಕೆ 12 ದಿನ ಇತ್ತು. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ಬೀಳುವ ಸ್ವಿಚ್) ಬೀಳಲಿಲ್ಲ, ಯಾಕೆಂದರೆ ಅದು ಕಾಯುವುದು ಫೇಸ್ ವೈರನ್ನು, ಅರ್ತ್ ವೈರನ್ನಲ್ಲ.

ಲಿಫ್ಟ್ ಇರುವ ಕಟ್ಟಡದಲ್ಲಿ ಬೇರಿಂಗ್, ರೋಪ್ ಮೂಲಕ ಹೋದರೆ ಇನ್ನೂ ಕೆಟ್ಟದ್ದು. ಅರ್ತ್ ಕ್ಲಾಂಪ್ ಯಾವಾಗಲೂ ವೆಲ್ಡ್ ಮಾಡುವ ತುಂಡಿನ ಮೇಲೇ ಇರಬೇಕು. ಪೇಂಟ್, ತುಕ್ಕು ಕೆರೆದು ಬೆಳ್ಳಗೆ ಮಾಡಿ ಹಾಕಬೇಕು.

ಸೈಟ್_ಮೇಸ್ತ್ರಿ
ಸರಿ ಸರ್. ಅರ್ತ್ ವೈರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನು ಮುಂದೆ ಹುಡುಗರಿಗೆ ಹೇಳುತ್ತೇನೆ.

ಪೀಣ್ಯದವನು
ಕೇಬಲ್ ಕೊಳ್ಳುವ ಬಗ್ಗೆ ಎರಡು ಮಾತು. ಇದರಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ, ನಿಮಗೆ ಹಾಗೆ ಆಗದಿರಲಿ.

ಎಸ್‌ಪಿ ರೋಡ್ ಕಡೆ ಹೋದರೆ ತುಂಬಾ ಅಂಗಡಿಗಳಲ್ಲಿ ವೆಲ್ಡಿಂಗ್ ಕೇಬಲ್ಲನ್ನು ಆಂಪಿಯರ್ ಹೆಸರಲ್ಲಿ ಮಾರುತ್ತಾರೆ. 400 ಆಂಪ್ಸ್ ಕೇಬಲ್, 600 ಆಂಪ್ಸ್ ಕೇಬಲ್ ಅಂತ. ಆ ಹೆಸರು ನಂಬಬೇಡಿ. ಸ್ಕ್ವೇರ್ ಎಂಎಂ ಎಷ್ಟು, ತಾಮ್ರವಾ ಅಲ್ಲವಾ, ಮೇಲೆ ಐಎಸ್ 9857 ಅಂತ ಅಚ್ಚು ಇದೆಯಾ, ಇಷ್ಟು ಕೇಳಿ. ಅದು ವೆಲ್ಡಿಂಗ್ ಕೇಬಲ್‌ಗೆ ಇರುವ ಭಾರತೀಯ ಮಾನಕ.

ಮೂರು ವರ್ಷದ ಹಿಂದೆ ಒಂದು ಕಡೆ "ಪ್ಯೂರ್ ಕಾಪರ್ 35" ಅಂತ 40 ಮೀಟರ್ ತಂದೆ. ನೋಡಲು ಕೆಂಪಗೇ ಇತ್ತು. ಬಳಸಿದಾಗ ಬಿಸಿ, ರಾಡ್ ಅಂಟು. ಒಂದು ಎಳೆಯನ್ನು ಬ್ಲೇಡಲ್ಲಿ ಕೆರೆದರೆ ಒಳಗೆ ಬಿಳಿ! ಅಲ್ಯೂಮಿನಿಯಂ ಮೇಲೆ ತಾಮ್ರದ ಪದರ. ಸಿಸಿಎ ಅನ್ನುತ್ತಾರೆ. ಅದು ಕರೆಂಟ್ ಒಯ್ಯುವುದು ತಾಮ್ರದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಂದರೆ 35 ಅಂತ ಕೊಟ್ಟದ್ದು ನಿಜಕ್ಕೂ 22 ಇದ್ದ ಹಾಗೆ.

ಅದಕ್ಕೆ ಈಗ ತೂಕ ನೋಡದೆ ತರುವುದಿಲ್ಲ. ಒಂದು ಮೀಟರ್ ತುಂಡು ತೆಗೆದುಕೊಂಡು ರಬ್ಬರ್ ಸುಲಿದು ಬರೀ ಎಳೆಗಳನ್ನು ತಕ್ಕಡಿಗೆ ಹಾಕಿ. ತಾಮ್ರವಾದರೆ 25 ಸ್ಕ್ವೇರ್ ಸುಮಾರು 220 ಗ್ರಾಂ, 35 ಸ್ಕ್ವೇರ್ ಸುಮಾರು 310, 50 ಸ್ಕ್ವೇರ್ ಸುಮಾರು 450 ಗ್ರಾಂ ತೂಗಬೇಕು. ನನ್ನದು 130 ಗ್ರಾಂ ಇತ್ತು. ಈ ಪರೀಕ್ಷೆಯ ಇನ್ನೊಂದು ಉಪಯೋಗ ಏನೆಂದರೆ, ಎಳೆ ತಾಮ್ರದ್ದೇ ಆಗಿದ್ದು ಎಣಿಕೆಯಲ್ಲಿ ಕಡಿಮೆ ಹಾಕಿದ್ದರೂ ಸಿಕ್ಕಿಬೀಳುತ್ತದೆ. ತಾಮ್ರ ಇದ್ದಷ್ಟೇ ತೂಕ.

ಹೊಸ_ವೆಲ್ಡರ್
ನನ್ನ ಹತ್ತಿರ 25 ಸ್ಕ್ವೇರ್ ತಾಮ್ರದ ಕೇಬಲ್ ನಾಲ್ಕು ತುಂಡು ಇವೆ, ಒಂದೊಂದು 20 ಮೀಟರ್. ಹೊಸದು ತರಲು ಈಗ ಕೈಲಿ ದುಡ್ಡಿಲ್ಲ. ಎರಡೆರಡು ಜೋಡಿಸಿ ಬಳಸಬಹುದಾ?

ಐಟಿಐ_ಮೇಡಂ
ಖಂಡಿತ ಬಳಸಬಹುದು. ಎರಡು 25 ಪಕ್ಕಪಕ್ಕ ಹಾಕಿದರೆ 50 ಆಗುತ್ತದೆ. ಎರಡೂ ಒಂದೇ ಉದ್ದ ಇರಲಿ. ಎರಡೂ ತುದಿಗೆ ಸರಿಯಾಗಿ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಲಗ್, ಅಂದರೆ ಬೋಲ್ಟಿಗೆ ಹಾಕುವ ಲೋಹದ ತುದಿ, ಇರಲಿ, ಒಂದೇ ಬೋಲ್ಟಿಗೆ ಬಿಗಿಯಿರಿ. ಒಂದರ ಲಗ್ ಸಡಿಲವಾದರೆ ಪೂರ್ತಿ ಕರೆಂಟ್ ಇನ್ನೊಂದರಲ್ಲಿ ಹೋಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆಗಾಗ ಕೈ ಇಟ್ಟು ನೋಡಿ, ಎರಡೂ ಒಂದೇ ಸಮ ಬೆಚ್ಚಗಿರಬೇಕು.

ಮಿಗ್_ಬೊಮ್ಮಸಂದ್ರ
ಮಿಗ್ (ರಾಡ್ ಬದಲು ವೈರ್ ತಾನಾಗಿ ಬರುವ, ಗ್ಯಾಸ್ ಬಳಸುವ ವೆಲ್ಡಿಂಗ್) ಬಳಸುವವರು ಈ ಚರ್ಚೆ ಓದುತ್ತಿದ್ದರೆ ಒಂದು ಮಾತು ಸೇರಿಸುತ್ತೇನೆ. ನಮಗೆ ಇದು ಇನ್ನೂ ಜಾಸ್ತಿ ತೊಂದರೆ. ರಾಡ್ ಮಷೀನ್ ಆಂಪಿಯರ್ ಹಿಡಿದಿಡುತ್ತದೆ, ಮಿಗ್ ಮಷೀನ್ ವೋಲ್ಟೇಜ್ ಹಿಡಿದಿಡುತ್ತದೆ, ಅದೂ ತನ್ನ ಟರ್ಮಿನಲ್ಲಿನಲ್ಲಿ. ಕೇಬಲ್ ನುಂಗಿದ್ದು ನೇರವಾಗಿ ಆರ್ಕಿನಿಂದಲೇ ಕಳೆಯುತ್ತದೆ. ವೈರ್ ತಳ್ಳುವ ಫೀಡರ್ 20 ಮೀಟರ್ ದೂರ ಒಯ್ದೆವು, 35 ಸ್ಕ್ವೇರ್, 180 ಆಂಪಿಯರ್. ಹೋಗಿ ಬರಲು 40 ಮೀಟರ್. ಮೇಡಂ ಲೆಕ್ಕದಲ್ಲಿ 3.5 ವೋಲ್ಟ್ ಆಗುತ್ತದೆ. ಮಷೀನಲ್ಲಿ 22 ಇಟ್ಟರೆ ತುದಿಯಲ್ಲಿ 18.5. ವೈರ್ ಪ್ಲೇಟಿಗೆ ಚುಚ್ಚಿಕೊಂಡು ಪಟಪಟ ಅಂತ ಸಿಡಿಯುತ್ತಿತ್ತು. ನಾವು ಒಂದು ವಾರ ಗ್ಯಾಸ್ ಮೇಲೆ ಅನುಮಾನ ಪಟ್ಟೆವು. ಕೊನೆಗೆ 70 ಸ್ಕ್ವೇರ್ ಹಾಕಿದ ಮೇಲೆ ಸರಿಹೋಯಿತು.

ಮಿಕ್ಕ ಕೇಬಲ್ಲನ್ನು ಸುರುಳಿ ಸುತ್ತಿ ಇಡಬೇಡಿ. ಅದರಲ್ಲೂ ಕಬ್ಬಿಣದ ಪ್ಲೇಟ್ ಮೇಲೆ ಅಥವಾ ಪೈಪಿಗೆ ಸುತ್ತಿ ಇಡಬೇಡಿ. ಚೋಕ್ ಕಾಯಿಲ್ ಆಗಿಬಿಡುತ್ತದೆ. ಹಳೇ ಎಸಿ ಟ್ರಾನ್ಸ್‌ಫಾರ್ಮರ್ ಮಷೀನಲ್ಲಿ ಇದರಿಂದಲೇ ಕರೆಂಟ್ ಇಳಿಯುತ್ತದೆ. ಸುರುಳಿಯ ಒಳಗಿನ ಬಿಸಿ ಹೊರಗೆ ಹೋಗದೆ ರಬ್ಬರ್ ಕೂಡ ಮೆತ್ತಗಾಗುತ್ತದೆ. ಎರಡೂ ಕೇಬಲ್ ಪಕ್ಕಪಕ್ಕ ಒಂದೇ ದಾರಿಯಲ್ಲಿ ಹೋಗಲಿ.

ಗೇಟು_ಗ್ರಿಲ್
ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ ಎರಡೂ ಕಡೆ 50 ಸ್ಕ್ವೇರ್ 30 ಮೀಟರ್ ತರುವುದಾ? ಬೆಲೆ ವಿಚಾರಿಸಿದೆ, ಈ ಕೆಲಸದ ಲಾಭಕ್ಕಿಂತ ಜಾಸ್ತಿ ಆಗುತ್ತದೆ.

ವೈರಿಂಗ್_ನಾಗರಬಾವಿ
ಅಣ್ಣ, ದಪ್ಪ ಕೇಬಲ್ ತರುವ ಮೊದಲು ಒಂದು ಯೋಚನೆ ಮಾಡಿ. ನಿಮ್ಮ ಮಷೀನ್ ಎಷ್ಟು ತೂಕ? ಈಗಿನ ಇನ್ವರ್ಟರುಗಳನ್ನು ಒಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಹುದು. ಅತ್ತ 50 ಸ್ಕ್ವೇರ್ ಕೇಬಲ್ 60 ಮೀಟರ್ ಅಂದರೆ ತಾಮ್ರವೇ 27 ಕಿಲೋ ಆಯಿತು, ರಬ್ಬರ್ ಬೇರೆ. ಮಷೀನನ್ನೇ ಮೇಲಕ್ಕೆ ಒಯ್ಯಿರಿ. ಉದ್ದ ಮಾಡಬೇಕಾದದ್ದು ಈ ಕಡೆಯ ವೆಲ್ಡಿಂಗ್ ಕೇಬಲ್ಲನ್ನಲ್ಲ, ಆ ಕಡೆಯ ಸಪ್ಲೈ ಕೇಬಲ್ಲನ್ನು.

ಲೆಕ್ಕ ನೋಡಿ. 110 ಆಂಪಿಯರ್ ವೆಲ್ಡಿಂಗಿಗೆ ಮಷೀನ್ ಲೈನಿಂದ ಎಳೆಯುವುದು ಸುಮಾರು 20 ಆಂಪಿಯರ್. 4 ಸ್ಕ್ವೇರ್ ತಾಮ್ರದ ಕೇಬಲ್ 30 ಮೀಟರ್ ಹಾಕಿದರೆ ಹೋಗಿ ಬರಲು 5 ವೋಲ್ಟ್ ಚಿಲ್ಲರೆ ಕಳೆಯುತ್ತದೆ. ಅದೇ 5 ವೋಲ್ಟ್! ಆದರೆ ಇಲ್ಲಿ 24ರಲ್ಲಿ 5 ಅಲ್ಲ, 230ರಲ್ಲಿ 5. 6 ಸ್ಕ್ವೇರ್ ಹಾಕಿದರೆ 3.4. ನಿಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುತ್ತದೆ ಅಂದರೆ 6 ತೆಗೆದುಕೊಳ್ಳಿ. ಆ 1.5 ಅಥವಾ 2.5ರ ಸಾದಾ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾತ್ರ ಚುಚ್ಚಬೇಡಿ.

ಆದರೆ ಒಂದು ಎಚ್ಚರ. ಈಗ ಮೇಲೆ ಹೋಗುತ್ತಿರುವುದು 230 ವೋಲ್ಟ್, ಅದೂ ಕಬ್ಬಿಣದ ಟ್ರಸ್ ಇರುವ ಟೆರೇಸಿಗೆ. ಮೂರು ಕೋರ್ ಫ್ಲೆಕ್ಸಿಬಲ್ ಕೇಬಲ್ಲೇ ಆಗಬೇಕು, ಅರ್ತ್ ಸೇರಿ. ಎರಡು ತುದಿಗೂ 32 ಆಂಪಿಯರ್ ಇಂಡಸ್ಟ್ರಿಯಲ್ ಪ್ಲಗ್ ಮತ್ತು ಸಾಕೆಟ್. ಕೆಳಗೆ ಬೋರ್ಡಿನಲ್ಲಿ ಎಂಸಿಬಿ ಜೊತೆ ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಮಧ್ಯೆ ಒಂದೂ ಟೇಪ್ ಜಾಯಿಂಟ್ ಇರಬಾರದು. ಕೇಬಲ್ ಮೆಟ್ಟಿಲಲ್ಲಿ ಕಾಲಿಗೆ ಸಿಗದಂತೆ ಡಕ್ಟ್ ಕಡೆಯಿಂದ ಇಳಿಬಿಡಿ. ಪ್ಯಾರಾಪೆಟ್ ಹತ್ತಿರ ಹಗ್ಗದಲ್ಲಿ ಕಟ್ಟಿ, ಭಾರ ಪ್ಲಗ್ ಮೇಲೆ ಬೀಳಬಾರದು. ಟೆಂಪರರಿ ಮೀಟರಿನ ಲೋಡ್ ಎಷ್ಟು ಮಂಜೂರಾಗಿದೆ ಅನ್ನುವುದನ್ನೂ ಓನರ್ ಹತ್ತಿರ ಕೇಳಿಕೊಳ್ಳಿ.

ಐಟಿಐ_ಮೇಡಂ
ಇದು ಸರಿಯಾದ ಸಲಹೆ. ಒಂದೇ ಒಂದು ಸೇರಿಸುತ್ತೇನೆ. ಆರ್‌ಸಿಸಿಬಿ ಕಾಯುವುದು ಸಪ್ಲೈ ಕಡೆಯನ್ನು ಮಾತ್ರ. ಹೋಲ್ಡರ್ ಕಡೆ ಆರ್ಕ್ ಇಲ್ಲದಾಗ 60, 70 ವೋಲ್ಟ್ ನಿಂತಿರುತ್ತದೆ. ಅಲ್ಲಿ ಶಾಕ್ ಹೊಡೆದರೆ ಆರ್‌ಸಿಸಿಬಿ ಬೀಳುವುದಿಲ್ಲ. ನಮ್ಮೂರಿನ ಸಂಜೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಳೆ ಹನಿ ಬಿದ್ದ ತಕ್ಷಣ ಕೆಲಸ ನಿಲ್ಲಿಸಿ. ಒಣ ಗ್ಲೌಸ್, ಒಣ ಶೂ ಇಲ್ಲದೆ ಟ್ರಸ್ ಮೇಲೆ ಕೂತು ರಾಡ್ ಬದಲಿಸಬೇಡಿ.

ಹಳೆಯ ಕೇಬಲ್ ತೆಗೆಯುವ ಮೊದಲು ಒಮ್ಮೆ ಅಳೆದು ನೋಡುತ್ತೀರಾ? ಒಬ್ಬರು ಆರ್ಕ್ ಹಿಡಿದಿರಲಿ. ಇನ್ನೊಬ್ಬರು ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಮೊದಲು ಮಷೀನ್ ಟರ್ಮಿನಲ್ಲಲ್ಲಿ, ಆಮೇಲೆ ಮೇಲೆ ಹೋಲ್ಡರ್ ಮತ್ತು ಟ್ರಸ್ ಮಧ್ಯೆ ಓದಲಿ. ವ್ಯತ್ಯಾಸವೇ ದಾರಿಯಲ್ಲಿ ಹೋದದ್ದು. ಜಾಯಿಂಟಿನ ಈಚೆ ಒಂದು ಪಿನ್, ಆಚೆ ಒಂದು ಪಿನ್ ಇಟ್ಟರೆ ಅದೊಂದೇ ಎಷ್ಟು ತಿನ್ನುತ್ತಿದೆ ಅನ್ನುವುದೂ ಸಿಗುತ್ತದೆ. ಟಿಗ್ ಮಷೀನ್ (ಟಂಗ್‌ಸ್ಟನ್ ತುದಿಯಿಂದ ವೆಲ್ಡ್ ಮಾಡುವುದು) ಆದರೆ ಆರ್ಕ್ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಆಫ್ ಮಾಡಿಯೇ ಮೀಟರ್ ಹಚ್ಚಿ, ಇಲ್ಲದಿದ್ದರೆ ಮೀಟರ್ ಹೋಗುತ್ತದೆ.

ಗೇಟು_ಗ್ರಿಲ್
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲಾ ಮಾಡಿದೆ.

ಮೊದಲು ಅಳೆದೆವು. ಕ್ಲ್ಯಾಂಪ್ ಮೀಟರ್ ಪಕ್ಕದ ಶೆಡ್ಡಿನವರಿಂದ ತಂದೆ. ನಾಬ್ 110ರಲ್ಲಿ ಇಟ್ಟಾಗ ಮೇಲೆ ಸಿಕ್ಕಿದ್ದು 100ರ ಆಸುಪಾಸು. 150ರಲ್ಲಿ ಇಟ್ಟರೂ 115 ದಾಟಲಿಲ್ಲ, ಒಂದೇ ಕಡೆ ನಿಲ್ಲಲೂ ಇಲ್ಲ. ಟರ್ಮಿನಲ್ಲಿಗೂ ರಾಡಿಗೂ ಮಧ್ಯೆ 11 ವೋಲ್ಟ್ ಹೋಗುತ್ತಿತ್ತು. ಹೋಲ್ಡರ್ ಕೇಬಲ್ಲಿನ ಟೇಪ್ ಜಾಯಿಂಟ್ ಒಂದೇ 2.6 ವೋಲ್ಟ್, ಅರ್ತಿನ ಜಾಯಿಂಟ್ 1.4. ಮೊದಲನೆಯದರ ಟೇಪ್ ಬಿಚ್ಚಿದೆ. ಎಳೆಗಳು ಕಪ್ಪಾಗಿದ್ದವು. 100 ಆಂಪಿಯರ್‌ನಲ್ಲಿ 2.6 ವೋಲ್ಟ್ ಅಂದರೆ 260 ವ್ಯಾಟ್ ಬಿಸಿ ಆ ಅಂಗೈಯಷ್ಟು ಜಾಗದಲ್ಲಿ. ಅದರ ಪಕ್ಕದಲ್ಲೇ ಸೆಂಟ್ರಿಂಗ್ ಹಲಗೆಗಳ ರಾಶಿ ಇತ್ತು. ನೋಡಿ ಎದೆ ಝಲ್ಲೆಂದಿತು.

25 ಸ್ಕ್ವೇರ್ ತುಂಡನ್ನು ಸುಲಿದು ತೂಗಿದೆ. ಮೀಟರಿಗೆ 218 ಗ್ರಾಂ. ತಾಮ್ರ ನಿಜವಾಗಿಯೂ ಚೆನ್ನಾಗಿದೆ, ಸಮಾಧಾನವಾಯಿತು. 16ರ ಎಳೆ ಕೆರೆದರೆ ಒಳಗೆ ಬಿಳಿ.

ಈಗ ಮಷೀನ್ ಟೆರೇಸಿನ ಹೆಡ್ ರೂಮ್ ಒಳಗಿದೆ. ಕೆಳಗಿನಿಂದ 6 ಸ್ಕ್ವೇರ್ ಮೂರು ಕೋರ್ 30 ಮೀಟರ್, ಆರ್‌ಸಿಸಿಬಿ ಹಾಕಿಸಿದೆ. 25ರ ತಾಮ್ರದ ತುಂಡುಗಳಲ್ಲೇ ಹೋಲ್ಡರಿಗೆ 12 ಮೀಟರ್, ಅರ್ತಿಗೆ 12 ಮೀಟರ್ ಮಾಡಿದೆ. ಲಗ್ ಎಲ್ಲಾ ಹೈಡ್ರಾಲಿಕ್ ಕ್ರಿಂಪಿಂಗಲ್ಲಿ ಹಾಕಿಸಿದ್ದು. 105ರಲ್ಲಿ ಅಳೆದರೆ ದಾರಿಯಲ್ಲಿ ಹೋಗುವುದು 2 ವೋಲ್ಟ್. ರಾಡ್ ಮುಟ್ಟಿಸಿದ ತಕ್ಷಣ ಹತ್ತಿಕೊಳ್ಳುತ್ತದೆ. ಟ್ರಸ್ಸಿನಲ್ಲಿ ಮೊದಲು ವೆಲ್ಡ್ ಮಾಡಿದ್ದ ಎಂಟು ಜಾಯಿಂಟುಗಳನ್ನು ಗ್ರೈಂಡ್ ಮಾಡಿ ತೆಗೆದು ಮತ್ತೆ ಹಾಕಿದೆ. ಎರಡರಲ್ಲಿ ಬುಡದಲ್ಲಿ ಸ್ಲ್ಯಾಗ್ (ರಾಡ್ ಲೇಪನ ಕರಗಿ ಉಳಿದ ಕಿಟ್ಟ) ಸಿಕ್ಕಿಕೊಂಡಿತ್ತು, ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಪೀಣ್ಯದವನು
ಎಂಟನ್ನೂ ಕಿತ್ತು ಮತ್ತೆ ಹಾಕಿದಿರಲ್ಲ, ತುಂಬಾ ಸಂತೋಷವಾಯಿತು ಅಣ್ಣ. ಆ 16ರ ಕೇಬಲ್ ಏನು ಮಾಡಿದಿರಿ?

ಗೇಟು_ಗ್ರಿಲ್
ಯಾರೂ ಮತ್ತೆ ಬಳಸಬಾರದು ಎಂದು ತುಂಡು ಮಾಡಿ ಗುಜರಿಗೆ ಹಾಕಿದೆ. ನಾಳೆಯಿಂದ ಪರ್ಲಿನ್ (ಶೀಟ್ ಕೂರುವ ಅಡ್ಡ ಪಟ್ಟಿ) ಕೆಲಸ ಶುರು.